ಮಾತು ಬಂದ್ ಆದ ಐದನೆಯ ದಿನ

ರೂಪಿಬಾಯಿ ಕೋಂ ಸೋಮ್ಲಾ, ವಯಸ್ಸು ಸುಮಾರು 32, ಜಾತಿ ಲಮಾಣಿ, ಕಸುಬು ಕೂಲಿ, ವಾಸ ಸಾಂಬ್ರಾಣಿಯಿಂದ ಒಂದು ಮೈಲು ಆಚೆಯ ತಾಂಡಾ, ತಾಲೂಕು ಹಳಿಯಾಳ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನನ್ನ ಗಂಡ ತೀರಿ ಮೂರು ವರ್ಷವಾಯಿತು. ಒಬ್ಬನೇ ಮಗ ಖೇಮಪ್ಪ, ವಯಸ್ಸು ಒಂಬತ್ತು. ತಾಂಡಾದ ಹುಡುಗರ ಜೊತೆ ಎಮ್ಮೆ ಕಾಯುತ್ತಿದ್ದ. ನೀವು ಹಿಡಿದಿಟ್ಟಿರುವ ಲಾಲು, ವಯಸ್ಸು ಹದಿನೈದು, ಆ ಹುಡುಗರಲ್ಲಿ ದೊಡ್ಡವನು. ಅವನ ತಾಯಿ ಶಾಂತಿಬಾಯಿಯ ಮನೆ ನಮ್ಮ ಮನೆಯಿಂದ ಮೂರನೆಯದು. ಲಾಲು ಒಳ್ಳೆಯವನೆಂದು ಹೇಳಲು ನಾನು ಬಂದಿಲ್ಲ. ಸಣ್ಣವರ ರೊಟ್ಟಿ ಕಸಿದು ತಿನ್ನುತ್ತಿದ್ದ. ತನ್ನ ಎಮ್ಮೆಗಳನ್ನೂ ಅವರಿಂದಲೇ ಕಾಯಿಸುತ್ತಿದ್ದ. ಎದುರು ಮಾತಾಡಿದನೆಂದು ಶ್ರಾವಣದಲ್ಲಿ ನನ್ನ ಮಗನನ್ನು ಕೆರೆಯಲ್ಲಿ ಕುತ್ತಿಗೆಮಟ್ಟ ನಿಲ್ಲಿಸಿದ. ಆಮೇಲೆ ಅವನೊಡನೆ ಯಾರೂ ಮಾತಾಡಕೂಡದೆಂದು ಉಳಿದ ಹುಡುಗರಿಗೆ ತಾಕೀತು ಮಾಡಿದ. ಒಂದು ತಿಂಗಳು ಯಾರೂ ಮಾತಾಡಲಿಲ್ಲ. ನನ್ನ ಮಗ ಎಮ್ಮೆಯ ಜೊತೆ ಮಾತಾಡುವುದನ್ನು ಕಲಿತ.

ಸಪ್ಟಂಬರ 14, ರವಿವಾರ ಬೆಳಿಗ್ಗೆ ನನ್ನ ದೂರಿನ ಮೇಲೆ ಸೇವಾಭಾಯಾನ ಗುಡಿಯ ಮುಂದೆ ಪಂಚರು ಕೂಡಿದರು. ತಾಂಡಾದ ನಾಯಕ ಹೇಮಲಪ್ಪನವರು ಲಾಲುವಿಗೆ ಹುಣಸೆ ಬರಲಿನಿಂದ ಇಪ್ಪತ್ತು ಏಟು ಹೊಡೆಸೋಣವೆಂದರು. ನಾನು ಬೇಡವೆಂದೆ. ತಿಂದ ಏಟನ್ನು ಅವನು ಸಣ್ಣವರ ಮೇಲೆಯೇ ತೀರಿಸಿಕೊಳ್ಳುತ್ತಾನೆ ಎಂದೆ. ಹಾಗಾದರೆ ಶಿಕ್ಷೆ ನೀನೇ ಹೇಳು ಎಂದರು. ನನ್ನ ಮಗನಿಗೆ ಅವನು ಕೊಟ್ಟದ್ದನ್ನೇ ಅವನಿಗೆ ಕೊಡಿರಿ, ತಿಂಗಳು ಬೇಡ, ಒಂಬತ್ತು ದಿನ ಸಾಕು ಎಂದೆ.

ತಪ್ಪು ಮಾಡಿದ ದೊಡ್ಡವರ ಜೊತೆ ಮಾತು ಬಂದ್ ಮಾಡುವುದು ನಮ್ಮಲ್ಲಿ ರೂಢಿ. ಹುಡುಗನಿಗೆ ಮಾಡಿದ್ದು ಇದೇ ಮೊದಲು. ಊಟ ಹಾಕಬೇಕು, ಕರೆದರೆ ಓಗೊಡಬಾರದು. ಓಗೊಟ್ಟವರಿಗೂ ಅದೇ ಶಿಕ್ಷೆ. ಶಿಕ್ಷೆ ಕೇಳಿದವರೇ ಕಡೆಗೆ ಅವನನ್ನು ಹೆಸರು ಹಿಡಿದು ಕರೆದು, ನೀರು ಕೊಟ್ಟು, ಮಾತು ಬಿಡಿಸಬೇಕು. “ಮಾಡಿದ್ದುಣ್ಣೋ ಮಹರಾಯ. ಇದು ಸರಿ ಐತಿ,” ಎಂದರು ನಾಯಕರು. ಶಾಂತಿಬಾಯಿಯೂ ಗೋಣು ಹಾಕಿದಳು. ನನಗೆ ಒಳಗೊಳಗೇ ಹಿಗ್ಗಾಯಿತು. ಅದನ್ನೂ ಬರೆದುಕೊಳ್ಳಿರಿ.

ಐದನೆಯ ದಿನ, 18ನೇ ತಾರೀಖು ಗುರುವಾರ, ಕಟ್ಟಿಗೆ ಡಿಪೋದಲ್ಲಿ ಮೂರರ ಗಂಟೆ ಬಾರಿಸಿತ್ತು. ನಾನು ಹಿತ್ತಿಲ ಗೋಡೆಗೆ ಮಣ್ಣು ಮೆತ್ತುತ್ತಿದ್ದೆ. ಲಾಲು ಓಡಿ ಬಂದು ನನ್ನಿಂದ ಎರಡು ಮಾರು ದೂರ ನಿಂತ. ಎದೆಮಟ್ಟ ತೊಯ್ದಿದ್ದ. “ಕಾಕೀ, ಖೇಮ್ಯಾ ಕೆರಿಯಾಗ ಮುಳಗ್ಯಾನ. ನನ್ನ ಕೈಗೆ ಸಿಗವಲ್ಲ. ಬರ್ರಿ, ಲಗೂ ಬರ್ರಿ,” ಎಂದ. ಮೂರು ಸಲ ಹೇಳಿದ. ನನಗೆ ಕೇಳಿಸಿತು. ಕೇಳಿಸಲಿಲ್ಲವೆಂದು ನಾನು ಹೇಳುವುದಿಲ್ಲ. ನನ್ನ ಬಾಯಿ ಬಿಡಿಸಲು ಆಟ ಹೂಡಿದ್ದಾನೆ ಎಂದುಕೊಂಡು ಗೋಡೆಯ ಕಡೆ ತಿರುಗಿದೆ.

ಅವನು ನಲವತ್ತು ಹೆಜ್ಜೆ ದೂರದ ನಾಯಕರ ಕಟ್ಟೆಗೆ ಓಡಿದ. ಆ ಹೊತ್ತು ತಾಂಡಾದಲ್ಲಿ ಈಜು ಬಲ್ಲವರು ನಾಯಕರೊಬ್ಬರೇ. ಅವರು ಕಣ್ಣು ಮುಚ್ಚಿ ಕುಳಿತರು. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಲಾಲು ತಿರುಗಿ ಬಂದು ನಮ್ಮ ಗೂಟದ ಹಗ್ಗ ಬಿಚ್ಚಿಕೊಂಡು ಓಡಿದ. ಹಗ್ಗ ಕದ್ದನೆಂದು ಬೈಯಲು ಬಾಯಿ ತೆರೆದೆ. ಬೈದರೂ ಅದು ಮಾತೇ ಎಂದು ಸುಮ್ಮನಾದೆ. ಗೋಡೆ ಇನ್ನೂ ಮೂರು ಮೊಳ ಉಳಿದಿತ್ತು. ಅದನ್ನು ಮುಗಿಸಿದೆ.

ಮುಗಿಸಿ ಕೈ ತೊಳೆಯುವಾಗ ನಮ್ಮ ಎಮ್ಮೆ ಒಂಟಿಯಾಗಿ ಬಂತು. ಕೆರೆ ಎರಡು ಫರ್ಲಾಂಗು. ಓಡಿ ಹೋದೆ. ಹಗ್ಗದ ಒಂದು ತುದಿ ಮತ್ತಿ ಮರಕ್ಕೆ, ಇನ್ನೊಂದು ತುದಿ ಲಾಲುವಿನ ಸೊಂಟಕ್ಕೆ ಕಟ್ಟಿತ್ತು. ಅವನಿಗೆ ಈಜು ಬರುವುದಿಲ್ಲ. ನನ್ನ ಮಗನನ್ನು ದಂಡೆಗೆ ತಂದು, ತನ್ನ ಧೋತರ ಹೊದಿಸಿ, ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ. ಮಗುವಿನ ಜೀವ ಹೋಗಿತ್ತು. ಖೇಮಪ್ಪನ ಮುಷ್ಟಿಯಲ್ಲಿ ಎಮ್ಮೆಯ ಬಾಲದ ಕೂದಲಿದ್ದವು. ಬಾಲ ಹಿಡಿದು ನೀರಿಗೆ ಇಳಿಯುವುದು ಅವನ ಚಟ. ಯಾರೂ ಅವನನ್ನು ನೂಕಿಲ್ಲ. ನಾನು ಲಾಲುವಿಗೆ ಏನೂ ಅನ್ನಲಿಲ್ಲ. ಆಗ ಶಿಕ್ಷೆಯ ನೆನಪಿರಲಿಲ್ಲ, ನನ್ನಲ್ಲಿ ಮಾತೇ ಇರಲಿಲ್ಲ.

ಲಾಲು ಕರೆಯಲು ಬರಲೇ ಇಲ್ಲವೆಂದು ನಾಯಕರು ನಿಮಗೆ ಹೇಳಿದ್ದಾರಂತೆ. ಅದು ಸುಳ್ಳು. ನಮ್ಮ ತಲೆ ಉಳಿಸಿಕೊಳ್ಳಲು ಹುಡುಗನ ತಲೆ ಕೊಡುವುದು ಯಾವ ನ್ಯಾಯ? ಅವನು ಬಾಯಿ ಬಿಡುತ್ತಿಲ್ಲ, ಆದ್ದರಿಂದ ಖೇಮಪ್ಪನನ್ನು ನೀರಿಗೆ ನೂಕಿದವನು ಅವನೇ ಎಂದು ಫೌಜದಾರರು ಹೇಳಿದರು. ಮಗು ಸಾಯುತ್ತದೆ ಎಂದು ಕೂಗಿದಾಗಲೇ ಯಾರೂ ಓಗೊಡಲಿಲ್ಲ. ಈಗ ಅವನು ಯಾರ ಮುಂದೆ ಬಾಯಿ ಬಿಟ್ಟಾನು?

ಒಂಬತ್ತು ದಿನ ಮುಗಿಯಲು ಇನ್ನೂ ಎರಡು ದಿನ ಇದೆ. ನಾನು ಕಾಯುವುದಿಲ್ಲ. ತಂಬಿಗೆಯಲ್ಲಿ ನೀರು ತಂದಿದ್ದೇನೆ, ಬಾಗಿಲ ಹೊರಗೆ ಇಟ್ಟಿದ್ದೇನೆ. ಹೆಬ್ಬೆಟ್ಟು ಒತ್ತಿದ ಮೇಲೆ ನನ್ನನ್ನು ಅವನ ಹತ್ತಿರ ಬಿಡಬೇಕು. ಅವನನ್ನು ಹೆಸರು ಹಿಡಿದು ಕರೆಯಬೇಕಾದವಳು ನಾನು.

ಬರೆದದ್ದನ್ನು ಓದಿ ಹೇಳಿದರು. ನಾನು ಹೇಳಿದಷ್ಟೇ ಇದೆ, ಹೆಚ್ಚು ಕಡಿಮೆ ಇಲ್ಲ.

ಹಳಿಯಾಳ, ತಾ. 20 ಸಪ್ಟಂಬರ 1941, ಶನಿವಾರ.
ರೂಪಿಬಾಯಿಯ ಎಡಗೈ ಹೆಬ್ಬೆಟ್ಟಿನ ಗುರುತು.