ನಲವತ್ತೊಂದನೇ ನಿಮಿಷ

ಉಪ್ಸಾಲಾದ ಅಂಗಡಿಯಲ್ಲಿ ಸರದಿ ಚೀಟಿ ಹಿಡಿದು ಕೂತಿದ್ದ ಇಂಗೆಲಾಳ ಕಿವಿಗೆ ಮುಂದಿದ್ದ ಮುದುಕಿಯ ಮಾತು ಬಿತ್ತು. ಸಿನಿಮಾ, ಹಾಡು ತುಂಬಿಸಿಕೊಳ್ಳುವ ಪುಟ್ಟ ಪ್ಲೇಯರೊಂದನ್ನು ಆಕೆ ವಾಪಸು ಕೊಡಲು ತಂದಿದ್ದಳು.

“ಕೊಂಡು ಇವತ್ತಿಗೆ ಮೂವತ್ತನೇ ದಿನ, ವಾಪಸಿಗೆ ಕೊನೇ ದಿನ. ತಗೋತೀಯಲ್ವೇನಪ್ಪಾ?”

“ತಗೋತೀವಿ. ಏನು ದೋಷ ಅಂತ ಬರೀಬೇಕು. ಬ್ಯಾಟರಿನಾ?”

“ಬ್ಯಾಟರಿ ನಮ್ಮ ಯಜಮಾನ್ರಿಗಿಂತ ಗಟ್ಟಿ. ಅವರು ಹೋದ್ರು, ಇದಿನ್ನೂ ನಡೀತಿದೆ.”

ಅಂಗಡಿಯವನು ಪ್ಲೇಯರ್ ಆನ್ ಮಾಡಿದ. “ಚಿತ್ರ, ಹಾಡು?”

“ಚೆನ್ನಾಗಿತ್ತಂತೆ. ಆಸ್ಪತ್ರೆ ಗಲಾಟೆಲೂ ಕೇಳಿಸ್ತಿತ್ತಂತೆ.”

“ಸಿನಿಮಾನ ನಲವತ್ತೊಂದನೇ ನಿಮಿಷದಿಂದ ಮುಂದುವರಿಸಲೇ ಅಂತ ಕೇಳ್ತಿದೆ. ವಾಪಸು ತಗೊಳ್ಳೋಕೆ ಎಲ್ಲಾ ಅಳಿಸ್ಬೇಕು.”

“ಆ ಸಿನಿಮಾ ಕೊನೇಲಿ ಏನಾಗುತ್ತೆ, ಗೊತ್ತಾ?”

“ಇಲ್ಲಮ್ಮ.”

“ಅವರಿಗೂ ಗೊತ್ತಾಗ್ಲಿಲ್ಲ. ಅಳಿಸಿಬಿಡು.”

ಮುದುಕಿ ಬಾಗಿಲಿನತ್ತ ನಡೆದಳು. ಪ್ಲೇಯರಿನ ಜೊತೆ ಕೊಡಬೇಕಿದ್ದ ಇಯರ್‌ಫೋನ್ ಆಕೆಯ ಮುಷ್ಟಿಯಲ್ಲೇ ಉಳಿದಿತ್ತು. ಕೂಗಿ ಹೇಳಬೇಕೋ ಬೇಡವೋ ಇಂಗೆಲಾಗೆ ತಿಳಿಯಲಿಲ್ಲ. ಅಂಗಡಿಯವನೂ ಅದನ್ನು ನೋಡಿದ, ಕರೆಯಲಿಲ್ಲ.