ಕಿರ್‌ಗುಡುವ ಚಪ್ಪಲಿ

ಕ್ಯಾಲಬಾಸಸ್ ದೇವಸ್ಥಾನದ ಚಪ್ಪಲಿ ಗೂಡಿನ ಮುಂದೆ ಬೂಟಿನ ಲೇಸು ಕಟ್ಟುತ್ತಿದ್ದ ಇಂದಿರಾಳ ಕಿವಿ ನಿಮಿರಿತು. ಪಕ್ಕದಲ್ಲೇ ಒಬ್ಬ ಅಪ್ಪ, ಒಬ್ಬಳು ಮಗಳು.

"ಎಮ್ಮೆಸ್ ಮಾಡಿ ಸಿನಿಮಾಕ್ಕ ಹೆಜ್ಜಿ ಸಪ್ಪಳ ಮಾಡ್ತೀಯೇನು, ಸಿಂಧೂರಾ?"

"ಹೂಂ ಅಪ್ಪಾ! ತೆರಿ ಮ್ಯಾಲೆ ಹೀರೋ ನಡದ್ರ, ಸ್ಟುಡಿಯೋದಾಗ ಮೈಕ್ ಮುಂದ ನಾ ನಡೀಬೇಕು. ಕಲ್ವರ್ ಸಿಟಿ ಸ್ಟುಡಿಯೋದವ್ರು ನಿನ್ನೆ ಆಫರ್ ಕೊಟ್ರು!"

"ಮತ್ತ ಸ್ಯಾನ್ ಡಿಯೆಗೋದ ಕಂಪನಿ ನೌಕರಿ?"

"ಅಲ್ಲಿ ಪಗಾರ ದುಪ್ಪಟ್ಟು, ಖರೆ. ಇಲ್ಲಿ ಬಾಡಿಗಿ ಕಟ್ಟಿ ಹೊಟ್ಟಿ ತುಂಬ ಉಣ್ಣಾಕ ಸಾಲ್ತೈತಿ."

"ನಡಿಯೂದಕ್ಕ ಯಾರರ ಪಗಾರ ಕೊಡ್ತಾರೇನವ್ವಾ!"

ಅಪ್ಪ ಸಿಟ್ಟಿನಲ್ಲೇ ಅಥಣಿಯ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದರು. ಕಿರ್, ಕಿರ್.

"ಅಪ್ಪಾ, ನಿಲ್ಲು! ಇನ್ನೊಮ್ಮೆ ನಡಿ! ಇಂಥಾ ಸಪ್ಪಳ ಅವ್ರ ಹತ್ರ ಇಲ್ಲ!"

"ಎಲ್ಲಿಂದ ಬರಬೇಕು? ಕಿರ್ ಅನ್ನಲಿ ಅಂತ ಹೇಳಿ ಮಾಡಿಸೀನಿ. ನಾ ಬಂದ್ರ ಇಡೀ ಓಣಿಗೆ ಗೊತ್ತಾಗಬೇಕು!"

ಮಗಳು ರೆಕಾರ್ಡ್ ಮಾಡಲು ಫೋನು ಹಿಡಿದಳು. ಅಪ್ಪ ಮತ್ತೆ ನಡೆದರು, ಈ ಸಲ ಎದೆಯುಬ್ಬಿಸಿ. ಆಮೇಲೆ ಚಪ್ಪಲಿ ಕಳಚಿ ಅವಳ ಮುಂದೆ ಸರಿಸಿದರು.

"ಒಯ್ಯಿ. ನೀರು ತಾಗಸಬ್ಯಾಡ, ಸಪ್ಪಳ ಸಾಯ್ತೈತಿ."

ಕಾದ ಡಾಂಬರಿನ ಮೇಲೆ ಅಪ್ಪ ಬರಿಗಾಲಲ್ಲಿ ಕುಪ್ಪಳಿಸುತ್ತ ಕಾರಿನತ್ತ ಓಡಿದರು. ಹಿಂದೆಯೇ ಮಗಳು, ಅಳತೆ ಮೀರಿದ ಆ ಚಪ್ಪಲಿಯಲ್ಲಿ, ಕಿರ್, ಕಿರ್.