ಬಿಚ್ಚಿಕೊಳ್ಳದ ಪ್ಯಾರಾಚೂಟ್

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಅತ್ತಿಗೆ ನಾದಿನಿ ಇಬ್ಬರು ಕೂತಿದ್ದರು. ಕಾಲ ಬಳಿ ಮೂತಿ ಜಜ್ಜಿಹೋದ ಆಳೆತ್ತರದ, ಹವ್ಯಾಸಕ್ಕೆ ಹಾರಿಸುವ ರಾಕೆಟ್ಟೊಂದು ಮಲಗಿತ್ತು. ಅದನ್ನು ಹಾರಿಸಿದ್ದವರು ಅತ್ತಿಗೆಯ ಗಂಡ; ಅವರು ಎದುರಿನ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುತ್ತಿದ್ದರು.

“ಅಣ್ಣನ ರಾಕೆಟ್ ಯಾವತ್ತೂ ಹೀಗೆ ನೆಲಕ್ಕೆ ಬಡಿದಿಲ್ಲ ಅತ್ತಿಗೆ. ಪ್ಯಾರಾಚೂಟ್ ಯಾಕೆ ಬಿಚ್ಕೊಳ್ಳಲಿಲ್ಲ?”

“ಬಿಚ್ಕೋ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ನಾನು ಕೇಬಲ್ ಚುಚ್ಚಿ ಒಳಗಿನ ಬೋರ್ಡನ್ನ ನಡೆಸೋ ಪ್ರೋಗ್ರಾಮು, ಅದೇ ಹೊಸ ಫರ್ಮ್‌ವೇರ್ ಹಾಕಿದ್ನಲ್ಲ, ಆಗ ಹಳೇ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತೆ. ಎಷ್ಟು ಎತ್ತರದಲ್ಲಿ ಬಿಚ್ಕೋಬೇಕು ಅಂತ ಮತ್ತೆ ತುಂಬಬೇಕು.”

“ಮರೆತ್ರಾ?”

“ಇಲ್ಲ.”

“ಅತ್ತಿಗೆ!”

“ರಾಕೆಟ್ ಕ್ಲಬ್ಬಲ್ಲಿ ಎಲ್ಲರೆದುರಿಗೆ ಏನಂದ್ರು ನಿಮ್ಮಣ್ಣ? ‘ಕೇಬಲ್ ಚುಚ್ಚೋದು ಬಿಟ್ರೆ ಇವಳಿಗೆ ಇನ್ನೇನೂ ಬರಲ್ಲ.’ ಸರಿ, ಕೇಬಲ್ ಚುಚ್ಚಿದೆ. ಅಷ್ಟೇ ಮಾಡಿದೆ.”

“ನಾನು ಅಣ್ಣಂಗೆ ಹೇಳ್ತೀನಿ.”

“ಧಾರಾಳವಾಗಿ ಹೇಳು. ಮುಂದಿನ ವಾರ ಹಾರೋದು ನಿನ್ನ ರಾಕೆಟ್. ಅದರ ಬೋರ್ಡೂ ನನ್ನ ಹತ್ರಾನೇ ಇದೆ.”

ಅಷ್ಟರಲ್ಲಿ ಅತ್ತಿಗೆಯ ಗಂಡ ಬಂದರು. ಬಾಟಲಿಯ ಮುಚ್ಚಳ ತಿರುಗಿಸಿ ಮೊದಲು ಹೆಂಡತಿಗೆ ಕೊಟ್ಟು, ತಮ್ಮ ಅಂಗೈಗಳನ್ನೇ ನೋಡಿಕೊಂಡರು.

“ಪ್ಯಾರಾಚೂಟ್ ಮಡಚೋವಾಗ ನನ್ನ ಕೈ ನಡುಗ್ತಿತ್ತೇನೋ ಕಣೇ. ಅದಕ್ಕೇ ಒಳಗೇ ಸಿಕ್ಕಾಕ್ಕೊಂಡಿದೆ.”

“ವಯಸ್ಸಾಯ್ತಲ್ರೀ. ಇನ್ನು ಸಾಕು, ಬಿಟ್ಬಿಡಿ.”

ಅವರು ತಂಗಿಯ ಕಡೆ ತಿರುಗಿದರು. “ನಿಜವಾಗ್ಲೂ ನಡುಗ್ತಿತ್ತೇನಮ್ಮಾ? ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲ.”

ಬಸ್ಸು ಬಂತು. ಅವಳು ಬಗ್ಗಿ ರಾಕೆಟ್ಟಿನ ಒಂದು ತುದಿ ಎತ್ತಿಕೊಂಡಳು.

“ಹೂಂ ಅಣ್ಣ. ತುಂಬಾ ನಡುಗ್ತಿತ್ತು.”